ಭಾಷಣ ಮುಗಿದ ಮೇಲೆ ತರಗತಿ ಮೌನವಾದರೆ

ಹರಿಹರದ ನಿಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಬಾಲ್ಯವಿವಾಹದ ಬಗ್ಗೆ ಇಪ್ಪತ್ತು ನಿಮಿಷಗಳ ಭಾಷಣದ ವಿಡಿಯೊ ತೋರಿಸಿದರೂ ಮಕ್ಕಳು ಬಾಯಿ ಬಿಡಲಿಲ್ಲ, ಏನು ಮಾಡಬೇಕು ಎಂದು ಕೇಳಿದ್ದೀರಿ. ಚಳ್ಳಕೆರೆ ತಾಲ್ಲೂಕಿನಲ್ಲಿ ಸಮಾಜ ವಿಜ್ಞಾನ ಬೋಧಿಸುವ ನನಗೂ ಮೊದಲೆರಡು ಸಲ ಹೀಗೇ ಆಗಿತ್ತು. ಭಾಷಣವನ್ನು ಪೂರ್ತಿ ಕೇಳಿಸುವುದೇ ತೊಡಕು ಎಂದು ನನ್ನ ಅನಿಸಿಕೆ. ಭಾಷಣಕಾರರು ತೀರ್ಪನ್ನೂ ತಾವೇ ಕೊಟ್ಟು ಮುಗಿಸಿದ ಮೇಲೆ ಮಕ್ಕಳಿಗೆ ಹೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ಭಾಷಣಕಾರರು ಒಂದು ಬಾಲ್ಯವಿವಾಹದ ಘಟನೆಯನ್ನು ಹೇಳಿ ಪರಿಹಾರಕ್ಕೆ ಬರುವ ಮುನ್ನವೇ, ನಾಲ್ಕೈದು ನಿಮಿಷಕ್ಕೆ ವಿಡಿಯೊ ನಿಲ್ಲಿಸಿ, ‘ಈ ಮದುವೆಯನ್ನು ತಡೆಯುವ ಅವಕಾಶ ಯಾರಿಗೆಲ್ಲ ಇತ್ತು?’ ಎಂಬ ಒಂದೇ ಪ್ರಶ್ನೆಗೆ ಹೆಸರು ಬರೆಯದ ಚೀಟಿಗಳಲ್ಲಿ ಉತ್ತರ ಪಡೆಯಿರಿ. ನಮ್ಮಲ್ಲಿ ಒಂದು ಚೀಟಿಯಲ್ಲಿ ‘ಲಗ್ನಪತ್ರಿಕೆ ಅಚ್ಚು ಹಾಕಿದವರಿಗೆ’ ಎಂದಿತ್ತು. ಪಿರಿಯಡ್ ಮುಗಿಯುವವರೆಗೂ ಅದರ ಮೇಲೆಯೇ ವಾದ ನಡೆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು ಎನ್ನುವುದನ್ನೂ ಮಕ್ಕಳ ಸಹಾಯವಾಣಿ 1098 ಇರುವುದನ್ನೂ ಆ ಹೊತ್ತಿನಲ್ಲಿ ತಿಳಿಸಿದರೆ, ಅದು ಪಾಠವೆನಿಸದೆ ವಾದಕ್ಕೆ ಬೇಕಾದ ಸರಕಾಗುತ್ತದೆ. ‘ನಿಮ್ಮ ಮನೆಯಲ್ಲಿ ಹೀಗಾಗಿದೆಯೇ?’ ಎಂದು ಮಾತ್ರ ಕೇಳಬೇಡಿ. ಅಕ್ಕನ ಮದುವೆ ಹಾಗೆಯೇ ಆಗಿರುವ ಹುಡುಗಿ ಅಲ್ಲೇ ಕುಳಿತಿರಬಹುದು. ವಿಡಿಯೊವನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ (ನಮ್ಮ ಕಡೆಯ ನೆಟ್‌ವರ್ಕ್ ನಿಮಗೂ ಗೊತ್ತಿದ್ದದ್ದೇ). ಉಳಿದ ಭಾಗವನ್ನು ಮರುದಿನ ಹಾಕಿ, ಭಾಷಣಕಾರರ ಮಾತನ್ನು ಮಕ್ಕಳು ತಮ್ಮ ಚೀಟಿಗಳೊಂದಿಗೆ ಹೋಲಿಸಿ ನೋಡಲಿ.