ಗೋಡೆಗೆ ಗುದ್ದಿ ನಿಂತ ಟ್ಯಾಂಕ್

ಪ್ರಶ್ನೆ: ಆಟವೊಂದರಿಂದಲೇ ನಿಮಗೆ ಕೋಡಿಂಗ್ ಹುಚ್ಚು ಹತ್ತಿತು ಎಂದು ಹಿಂದೊಮ್ಮೆ ಬರೆದಿದ್ದಿರಿ. ಅದು ಯಾವ ಆಟ? ನನ್ನ ಮಗಳಿಗೆ 14 ವರ್ಷ. ಆಟ ಆಡಿ ಕೋಡಿಂಗ್ ಬರುತ್ತದೆಯೇ?

ಉತ್ತರ: ಆಟದ ಹೆಸರು ರೋಬೋಕೋಡ್, ಕಂಪ್ಯೂಟರಿನಲ್ಲಿ ಟ್ಯಾಂಕುಗಳ ಕಾದಾಟ. ಮ್ಯಾಥ್ಯೂ ನೆಲ್ಸನ್ ಬರೆದದ್ದು, 2001ರಲ್ಲಿ ಐಬಿಎಂ ಮೂಲಕ ಹೊರಬಂತು. ಇಲ್ಲಿ ಟ್ಯಾಂಕನ್ನು ನಾವು ಓಡಿಸುವಂತಿಲ್ಲ. ಅದರ ಬುದ್ಧಿಯನ್ನು ಜಾವಾ ಎಂಬ ಕೋಡಿಂಗ್ ಭಾಷೆಯಲ್ಲಿ ಬರೆದು ಕಣಕ್ಕೆ ಬಿಟ್ಟು, ಕೈಕಟ್ಟಿ ನೋಡಬೇಕು. ಆ ಸಂಕಟವೇ ನನ್ನನ್ನು ಹಿಡಿದದ್ದು.

ನನ್ನ ಮೊದಲ ಟ್ಯಾಂಕ್ ನೇರ ಹೋಗಿ ಗೋಡೆಗೆ ಗುದ್ದಿ ನಿಂತಿತು. ಹಿಂದೆ ಬಾ ಎಂದು ನಾನು ಬರೆದಿರಲೇ ಇಲ್ಲ! ಆಟದ ಜೊತೆಗೇ ಬರುವ 'ವಾಲ್ಸ್' ಎಂಬ ಮಾದರಿ ಟ್ಯಾಂಕ್ ಗೋಡೆಗುಂಟ ಸುತ್ತಿಬಂದು ಅದನ್ನು ಮುಗಿಸಿತು.

ಆಮೇಲೆ ಗುರಿಯ ಪಾಡು. ಪೂರ್ತಿ ಶಕ್ತಿಯ ಗುಂಡು ಒಂದು ಕ್ಷಣಕ್ಕೆ (ಆಟದ ಗಡಿಯಾರದಲ್ಲಿ) 11 ಪಿಕ್ಸೆಲ್, ಅಂದರೆ ಪರದೆಯ 11 ಚುಕ್ಕಿಯಷ್ಟು, ಸಾಗುತ್ತದೆ. ಎದುರಾಳಿ 440 ಪಿಕ್ಸೆಲ್ ದೂರವಿದ್ದರೆ ಗುಂಡು ತಲುಪಲು 40 ಕ್ಷಣ. ಅಷ್ಟರಲ್ಲಿ 8ರ ವೇಗದಲ್ಲಿ ಓಡುವ ಎದುರಾಳಿ 320 ಪಿಕ್ಸೆಲ್ ಆಚೆ! ಕಂಡಲ್ಲಿಗಲ್ಲ, ಹೋಗಲಿರುವಲ್ಲಿಗೆ ಹೊಡೆಯಬೇಕು. ಕಂಬದ ಎತ್ತರ ಅಳೆಯಲಷ್ಟೇ ಇದೆ ಅಂದುಕೊಂಡಿದ್ದ ಸೈನ್, ಕೊಸೈನ್ ಆಗ ನೆನಪಾದವು. ಅಲ್ಲೂ ಒಂದು ಕೊಕ್ಕೆ: ಈ ಆಟದಲ್ಲಿ ಸೊನ್ನೆ ಡಿಗ್ರಿ ಎಂದರೆ ಮೇಲ್ಮುಖ, ಕೋನ ಬೆಳೆಯುವುದು ಗಡಿಯಾರದ ಮುಳ್ಳಿನಂತೆ. ಪಠ್ಯದ ಸೂತ್ರ ತಿರುವುಮುರುವು. ಇದು ಹೊಳೆಯಲು ಎರಡು ರಾತ್ರಿ ಬೇಕಾಯಿತು.

ನನಗಿಂದಿಗೂ ಮೆಚ್ಚುಗೆಯದು ಇನ್ನೊಂದು ಉಪಾಯ. ಎದುರಾಳಿಯ ಗುಂಡು ನಮ್ಮ ರಾಡಾರಿಗೆ ಕಾಣದು. ಆದರೆ ಗುಂಡು ಹಾರಿಸಲು ಎದುರಾಳಿ 0.1ರಿಂದ 3ರವರೆಗೆ ಶಕ್ತಿ ವ್ಯಯಿಸಬೇಕು. ಅದರ ಶಕ್ತಿ ದಿಢೀರನೆ ಅಷ್ಟು ಇಳಿಯಿತೋ, ಗುಂಡು ಹೊರಟಿರಬೇಕು, ಪಕ್ಕಕ್ಕೆ ಸರಿ! ಕಾಣದ್ದನ್ನು ಕಾಣುವ ಅಂಕಿಯಿಂದ ಹಿಡಿಯುವ ಈ ಕೆಲಸವನ್ನೇ ಈಗ ಸಂಬಳಕ್ಕೆ ಮಾಡುತ್ತಿದ್ದೇನೆ. ಟ್ಯಾಂಕಿನ ಬದಲು ಸರ್ವರ್, ಅಷ್ಟೇ.

ಆಟದಿಂದ ಎಲ್ಲವೂ ಬಂತೆಂದರೆ ಸುಳ್ಳಾದೀತು. ಇಡೀ ಕೋಡನ್ನು ಒಂದೇ ಫೈಲಿಗೆ ತುರುಕುವ, ಹೆಸರುಗಳನ್ನು ಎ1, ಎ2 ಎಂದಿಡುವ ಚಾಳಿಯೂ ಅಲ್ಲೇ ಅಂಟಿತು. ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವು.

ಮಗಳು ಆಡಲಿ. ಸೋತಾಗ ಪಕ್ಕದಲ್ಲಿ ಕೂತು ತಪ್ಪು ತೋರಿಸಬೇಡಿ, ಅವಳೇ ಹುಡುಕಿಕೊಳ್ಳಲಿ. ಮೊದಲ ಎದುರಾಳಿಯಾಗಿ 'ಸಿಟ್ಟಿಂಗ್ ಡಕ್' ಎಂಬ ಮಾದರಿ ಟ್ಯಾಂಕ್ ಇರಲಿ. ಅದು ಅಲುಗಾಡುವುದೂ ಇಲ್ಲ, ಗುಂಡು ಹಾರಿಸುವುದೂ ಇಲ್ಲ. ಸೈನ್, ಕೊಸೈನ್ ಅದಲುಬದಲಾಗಿದ್ದ ಆ ಎರಡು ರಾತ್ರಿ ನನ್ನ ಟ್ಯಾಂಕಿಗೆ ಅದನ್ನೂ ಹೊಡೆಯಲಾಗಿರಲಿಲ್ಲ.