ಅಮ್ಮನ ತುಳು ಯಂತ್ರಕ್ಕೆ ಗೊತ್ತಾ?

ಕಾಪುವಿನ ಓದುಗರೊಬ್ಬರ ಪತ್ರ: "ಅಮ್ಮನಿಗೆ 76. ಮಾತು ಕೇಳಿಯೇ ಮರೆವು ಅಳೆಯುವ ಆ್ಯಪ್ ಅಂತ ಮಗ ಬೆಂಗಳೂರಿನಿಂದ ಬಂದಾಗ ಮೊಬೈಲಿಗೆ ಹಾಕಿಕೊಟ್ಟಿದ್ದಾನೆ. ಅರುವತ್ತಕ್ಕೆ ಅರಳು ಮರಳು ಸಹಜ ಅಲ್ವಾ? ಇದಕ್ಕೂ ಎಐ ಬೇಕಾ?"

ಸಂಪಾದಕರ ಉತ್ತರ:

ನಿಮ್ಮ ಅನುಮಾನ ತಪ್ಪಲ್ಲ. ಆ್ಯಪ್ ಡಾಕ್ಟರ್ ಅಲ್ಲ. ಅಮ್ಮನ ದನಿ ಯಾರ ಕೈಗೆ ಹೋಗುತ್ತದೆ ಎಂದು ಮಗನನ್ನು ಕೇಳಿ. ಆದರೆ ಆ 'ಸಹಜ' ಎಂಬ ಮಾತು ನನಗೆ ಬೇಸರ ತರಿಸಿತು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ, ಅಂದರೆ ನಿತ್ಯದ ಬದುಕೇ ಕಷ್ಟವಾಗುವಷ್ಟು ಮರೆವು, ಇರುವುದು ನೂರಕ್ಕೆ ಸುಮಾರು ಏಳು ಮಂದಿಗೆ. ಉಳಿದ 93 ಮಂದಿಗೆ ಇಲ್ಲ. ಮತ್ತೆ ಸಹಜ ಹೇಗಾಯಿತು? ಅದು ಕಾಯಿಲೆ. ಸಹಜ ಎಂದು ಬಿಟ್ಟದ್ದರಿಂದಲೇ ಎಷ್ಟೋ ಮನೆಗಳಲ್ಲಿ ಡಾಕ್ಟರ ಹತ್ತಿರ ಹೋಗುವಾಗ ತಡವಾಗಿರುತ್ತದೆ.

ಯಂತ್ರ ಗಮನಿಸುವುದು ಸಣ್ಣ ಸಣ್ಣ ವಿಷಯ. ಮಾತಿನ ನಡುವೆ ಎಷ್ಟು ಹೊತ್ತು ತಡೆಯುತ್ತಾರೆ, ವಸ್ತುವಿನ ಹೆಸರು ಬಿಟ್ಟು 'ಅದು, ಇದು' ಜಾಸ್ತಿ ಆಗಿದೆಯಾ ಅಂತ. ಒಟ್ಟಿಗೇ ಇರುವ ನಮಗೆ ಅದು ಕಾಣುವುದಿಲ್ಲ. ಹಾಗಾಗಿ ನಾನು ಎಐ ಪರ.

ಆದರೆ ಅದು ಮಾತು ಕಲಿತದ್ದು ಎಲ್ಲಿ? ಸಂಶೋಧಕರು ಹೆಚ್ಚಾಗಿ ಬಳಸುವ ಧ್ವನಿ ಸಂಗ್ರಹ 1980ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಾಡಿದ್ದು. ಹುಡುಗ ಸ್ಟೂಲ್ ಹತ್ತಿ ಬಿಸ್ಕತ್ತು ಕದಿಯುತ್ತಿದ್ದಾನೆ, ಸಿಂಕ್ ತುಂಬಿ ನೀರು ಚೆಲ್ಲುತ್ತಿದೆ, ಆ ಚಿತ್ರ ನೋಡಿ ಅಲ್ಲಿನ ಹಿರಿಯರು ಇಂಗ್ಲಿಷಿನಲ್ಲಿ ಹೇಳಿದ ಮಾತುಗಳು.

ನನ್ನ ದೊಡ್ಡಮ್ಮ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತಿದ್ದವರು. ಒಮ್ಮೆ ನೆನಪಿನ ಪರೀಕ್ಷೆಗೆ ಕರೆದುಕೊಂಡು ಹೋದೆವು. ತಾರೀಕು ಎಷ್ಟು ಎಂದು ಕೇಳಿದರು. "ಆಟಿ ಹತ್ತು" ಎಂದರು ದೊಡ್ಡಮ್ಮ. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು. ಉತ್ತರ ಸರಿಯಾಗಿಯೇ ಇತ್ತು, ಕಾಗದದಲ್ಲಿ ತಪ್ಪು ಎಂದು ಬಿತ್ತು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದಾಗ ಸುಮ್ನೆ ಕೂತರು. ನಾಲ್ಕು ಚೆಂಡು ಹೂವಿಗೆ ಒಂದು ಅಟ್ಟೆ ಅಂತ, ಮಲ್ಲಿಗೆ ಮಾರುವ ಇಡೀ ಕಟ್ಟೆಯ ಲೆಕ್ಕವನ್ನು ಬಾಯಲ್ಲೇ ಹೇಳುವ ಹೆಂಗಸು ಅವರು! ಆ ಲೆಕ್ಕ ಯಾರೂ ಕೇಳಲಿಲ್ಲ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಪಕ್ಕದ ಮನೆಯಲ್ಲಿ ಬ್ಯಾರಿ, ಹೀಗೆ ಬದುಕಿದವರು ನಮ್ಮ ಹಿರಿಯರು. ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದರು: ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆಯವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತು. ಓದು ಬರಹ ಬಾರದವರಲ್ಲೂ ಹಾಗೇ. ಇಂಥ ಊರಿನ ಮಾತು ಯಂತ್ರಕ್ಕೆ ಕಲಿಸಬೇಡವೇ? ನಾವು ಯಕ್ಷಗಾನ ರೆಕಾರ್ಡ್ ಮಾಡಿದೆವು, ತುಳು ಜನಪದ ಹಾಡು ಪಾಡ್ದನ ಮಾಡಿದೆವು. ಅಡುಗೆಮನೆಯ ಮಾತು, ಅಂಗಳದ ಮಾತು ಯಾರಿಗೂ ಬೇಡವಾಯಿತು. ಸಭೆಗಳಲ್ಲಿ ತುಳುವಿಗೆ ಮಾನ್ಯತೆ ಬೇಕು ಎಂದು ಭಾಷಣ ಮಾಡುವವರ ಮನೆಯಲ್ಲೇ ಅಜ್ಜಿಯ ಜೊತೆ ಮಾತಾಡುವ ಮಕ್ಕಳಿಲ್ಲ.

ನೀವು ಮೊದಲು ಅಮ್ಮನ ಕಿವಿ ಪರೀಕ್ಷೆ ಮಾಡಿಸಿ. ಕಿವಿ ಮಂದವಾಗುವುದು, ಬಿಪಿ, ಸಕ್ಕರೆ ಕಾಯಿಲೆ ಸೇರಿ 14 ಕಾರಣಗಳನ್ನು ಸರಿಪಡಿಸಿದರೆ ಡಿಮೆನ್ಶಿಯಾದ 45 ಶೇಕಡಾದಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 2024ರ ವರದಿ ಹೇಳುತ್ತದೆ. ಆಮೇಲೆ ನರರೋಗದ ಡಾಕ್ಟರಿಗೆ ತೋರಿಸಿ. ಸಂಜೆ ಫೋನ್ ಆನ್ ಮಾಡಿ, ಅವರನ್ನೇ ಕೇಳಿಕೊಂಡು, ಆಟಿಯಲ್ಲಿ ಪತ್ರೊಡೆ ಹೇಗೆ ಮಾಡುತ್ತಿದ್ದರು ಎಂದು ತುಳುವಿನಲ್ಲೇ ಹತ್ತು ನಿಮಿಷ ಹೇಳಿಸಿ. ಆರು ತಿಂಗಳು ಬಿಟ್ಟು ಅದನ್ನೇ ಮತ್ತೆ ಹೇಳಿಸಿ. ಎರಡನ್ನೂ ಡಾಕ್ಟರ ಹತ್ತಿರ ಹೋಗುವಾಗ ಇಟ್ಟುಕೊಳ್ಳಿ.