ಕಲಿಕೆಯ ಪೈಲಟ್‌ಗಳು ಇಳಿಸುವಾಗ ಸಣ್ಣ ವಿಮಾನ ರನ್‌ವೇ ಮುಟ್ಟಿ ಮತ್ತೆ ಪುಟಿಯುವುದೇಕೆ?

ಬಹಳಷ್ಟು ಸಲ ಕಾರಣ ಇಷ್ಟೇ: ಚಕ್ರಗಳು ನೆಲ ಮುಟ್ಟಿದಾಗಲೂ ವಿಮಾನಕ್ಕೆ ಇನ್ನೂ ಹಾರಬಲ್ಲಷ್ಟು ವೇಗವಿರುತ್ತದೆ.

ಸಣ್ಣ ವಿಮಾನವನ್ನು ಸಾಮಾನ್ಯವಾಗಿ ಅದರ ಸ್ಟಾಲ್ ವೇಗದ, ಅಂದರೆ ರೆಕ್ಕೆಗಳು ಭಾರವನ್ನು ಹೊರಬಲ್ಲ ಕನಿಷ್ಠ ವೇಗದ, ಸುಮಾರು 1.3 ಪಟ್ಟು ವೇಗದಲ್ಲಿ ರನ್‌ವೇಯತ್ತ ತಂದು, ನೆಲದಿಂದ ಕೆಲವೇ ಅಡಿ ಎತ್ತರದಲ್ಲಿ ಮೂತಿಯನ್ನು ಮೆಲ್ಲಗೆ ಎತ್ತುತ್ತಾ ಹೆಚ್ಚುವರಿ ವೇಗವನ್ನು ಕರಗಿಸಲಾಗುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಶೇ. 10ರಷ್ಟು ಹೆಚ್ಚಾದರೂ ಶಕ್ತಿ ಶೇ. 21ರಷ್ಟು ಹೆಚ್ಚುತ್ತದೆ. ಹಾಗಾಗಿ ವಿಮಾನ ಇಳಿಯದೆ ತೇಲುತ್ತಲೇ ಸಾಗುತ್ತದೆ. ರನ್‌ವೇ ಮುಗಿದೀತೆಂಬ ಆತಂಕದಲ್ಲಿ ವಿದ್ಯಾರ್ಥಿ ಅದನ್ನು ನೆಲಕ್ಕೆ ಒತ್ತುತ್ತಾನೆ.

ನಿಜವಾದ ಅಪಾಯ ಇಲ್ಲಿಂದ ಶುರುವಾಗುತ್ತದೆ. ಮುಂಚಕ್ರ ಮೊದಲು ತಾಗಿದರೆ ಮೂತಿ ಮೇಲಕ್ಕೆ ಚಿಮ್ಮುತ್ತದೆ, ಎದುರುಗಾಳಿಗೆ ರೆಕ್ಕೆಯ ಓರೆ ಹೆಚ್ಚಿ ಎತ್ತುವ ಬಲವೂ ಹೆಚ್ಚುತ್ತದೆ, ವಿಮಾನ ಮತ್ತೆ ಮೇಲೇಳುತ್ತದೆ. ಗಾಬರಿಯಿಂದ ಮೂತಿಯನ್ನು ಇಳಿಸಲು ನಿಯಂತ್ರಣದ ಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ, ಅದರ ಪರಿಣಾಮ ಕಾಣಿಸುವಷ್ಟರಲ್ಲಿ ವಿಮಾನ ಆಗಲೇ ಕೆಳಗಿಳಿಯತೊಡಗಿರುವುದರಿಂದ, ಎರಡನೆಯ ಹೊಡೆತ ಮೊದಲಿನದಕ್ಕಿಂತ ಬಲವಾಗಿರುತ್ತದೆ. ಹೀಗೆ ಎರಡು ಮೂರು ಪುಟಿತಗಳಲ್ಲೇ ಮುಂಚಕ್ರದ ಕಾಲು ಮುರಿಯಬಹುದು, ಪ್ರೊಪೆಲ್ಲರ್‌ನ ತುದಿ ರನ್‌ವೇಗೆ ಬಡಿದು ಬಾಗಬಹುದು. ಹಾಗೆ ಬಡಿದರೆ ಎಂಜಿನ್ನಿನ ಒಳಭಾಗವನ್ನೂ ಪರೀಕ್ಷಿಸಬೇಕಾಗುತ್ತದೆ.

ಆದ್ದರಿಂದ ಜೋರಾಗಿ ಪುಟಿದ ವಿಮಾನವನ್ನು ಹೇಗಾದರೂ ಇಳಿಸಲೇಬೇಕೆಂದು ಹೆಣಗಬಾರದು. ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು, ಮೂತಿಯನ್ನು ಹತೋಟಿಯಲ್ಲಿಟ್ಟುಕೊಂಡು ಮೇಲೇರಿ, ಒಂದು ಸುತ್ತು ಹಾಕಿ ಬಂದು ಮತ್ತೆ ಇಳಿಸಬೇಕು. ಇದನ್ನು ಸೋಲೆಂದು ಯಾವ ಒಳ್ಳೆಯ ಬೋಧಕರೂ ಎಣಿಸುವುದಿಲ್ಲ.